ಕಂಪ್ಯೂಟರಿನ ರೋಜನಾಮ್ಚಾ: ಲಾಗ್ ಸಾಲುಗಳನ್ನು ಓದುವುದು ಹೇಗೆ?

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಅಕೌಂಟೆನ್ಸಿ, ಬಿಸಿನೆಸ್ ಸ್ಟಡೀಸ್, ಎಕನಾಮಿಕ್ಸ್ ಜೊತೆಗೆ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಿದ್ದೇನೆ. ಈ ಸಲ ಸಂಚಿಕೆಗೆ ಒಂದು ಪಾಠ ಬರೆದುಕೊಡು ಎಂದು ನಮ್ಮ ಕಂಪ್ಯೂಟರ್ ಸರ್ ಹೇಳಿದಾಗ, ಜನವರಿಯಲ್ಲಿ ನಾನೇ ತಪ್ಪು ಮಾಡಿ ಕಲಿತ ಪಾಠವನ್ನು ಬರೆಯುವುದು ಸರಿ ಎನಿಸಿತು. ಆ ತಪ್ಪಿನಿಂದ ಪ್ರಥಮ ಪಿಯುಸಿಯ ಒಬ್ಬ ಹುಡುಗನಿಗೆ ನಾಲ್ಕು ದಿನ ತಲೆ ಎತ್ತಿ ಓಡಾಡಲು ಆಗಲಿಲ್ಲ. ಅವನ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಲಾಗ್ ಎಂದರೇನು?

ಹಿಂದೆ ಹಡಗಿನವರು ವೇಗ ಅಳೆಯಲು ಹಗ್ಗ ಕಟ್ಟಿದ ಮರದ ತುಂಡನ್ನು ನೀರಿಗೆ ಎಸೆಯುತ್ತಿದ್ದರು. ಇಂಗ್ಲಿಷಿನಲ್ಲಿ ಮರದ ತುಂಡಿಗೆ ಲಾಗ್ ಎನ್ನುತ್ತಾರೆ. ಆ ಅಳತೆಯನ್ನು ಬರೆದಿಡುವ ಪುಸ್ತಕ ಲಾಗ್‌ಬುಕ್ ಆಯಿತು. ಕಂಪ್ಯೂಟರ್ ಕೂಡ ಹೀಗೆಯೇ ದಿನವಿಡೀ ಬರೆಯುತ್ತಿರುತ್ತದೆ. ಯಾರು ಲಾಗಿನ್ ಆದರು, ಯಾವ ಪ್ರೋಗ್ರಾಂ ಶುರುವಾಯಿತು, ಯಾವುದು ಕೆಟ್ಟಿತು ಎಂಬ ಒಂದೊಂದು ಘಟನೆಗೂ ಒಂದೊಂದು ಸಾಲು.

ನಮ್ಮ ನಾನಾ ಬಳೆ ವ್ಯಾಪಾರಿಯಾಗಿದ್ದರು. ಅವರ ಹತ್ತಿರ ಉರ್ದುವಿನಲ್ಲಿ ಬರೆದ ಒಂದು ರೋಜನಾಮ್ಚಾ ಇತ್ತು. ಕನ್ನಡದಲ್ಲಿ ಅದನ್ನೇ ಕಿರ್ದಿ ಪುಸ್ತಕ ಎನ್ನುತ್ತಾರೆ. ಅದರಲ್ಲಿ ಕಾಲಂ ಇರಲಿಲ್ಲ. "ಪೇಟೆ ಅಂಗಡಿಯವರು 12 ಡಜನ್ ಒಯ್ದರು, 300 ಬಾಕಿ, ಈದ್ ಆದ ಮೇಲೆ ಕೊಡುತ್ತಾರೆ" ಎನ್ನುವಂಥ ಸಾಲುಗಳು ಅಷ್ಟೇ. ಪ್ರಥಮ ಪಿಯುಸಿಯಲ್ಲಿ ಜರ್ನಲ್ ಮತ್ತು ಲೆಡ್ಜರ್ ಕಲಿಯುವಾಗ ಅಮ್ಮಿ ಆ ಪುಸ್ತಕ ಓದುತ್ತಿದ್ದರು, ನಾನು ಅಭ್ಯಾಸಕ್ಕೆಂದು ದಿನಾಂಕ, ಹೆಸರು, ಸರಕು, ಬಾಕಿ ಎಂದು ಕಾಲಂ ಹಾಕಿ ಬರೆಯುತ್ತಿದ್ದೆ. ಈ ಸಾಲಿಗೆ ಬಂದಾಗ ನಿಂತುಬಿಟ್ಟೆ. ಯಾವ ಈದ್? ರಂಜಾನಿನದೋ ಬಕ್ರೀದೋ? ಯಾವ ವರ್ಷದ್ದು? ಬರೆದ ನಾನಾಗೆ ಗೊತ್ತಿತ್ತು, ಓದುವ ನನಗೆ ಗೊತ್ತಿರಲಿಲ್ಲ.

ಸಾಲಿನಲ್ಲಿ ಸೇರಿಹೋಗಿರುವ ಸಂಗತಿಗಳನ್ನು ಬಿಡಿಸಿ ಅದರದರ ಕಾಲಂಗೆ ಹಾಕುವ ಕೆಲಸಕ್ಕೆ ಕಂಪ್ಯೂಟರಿನವರು ಪಾರ್ಸಿಂಗ್ ಎನ್ನುತ್ತಾರೆ. ವಾಣಿಜ್ಯದ ನಮಗೆ ಇದು ಹೊಸದೇನಲ್ಲ. ಜರ್ನಲ್ ನಮೂದಿನ ವಿವರಣೆಯಲ್ಲಿ ಎಲ್ಲವೂ ಇರುತ್ತದೆ. ಆದರೆ ಲೆಡ್ಜರಿಗೆ ಪೋಸ್ಟ್ ಮಾಡಿದ ಮೇಲೆಯೇ ಯಾರಿಂದ ಎಷ್ಟು ಬರಬೇಕು ಎಂದು ಹೇಳಲು ಸಾಧ್ಯ.

ಒಂದು ಸಾಲು, ಒಂದು ಆರೋಪ

ನಮ್ಮ ಲ್ಯಾಬಿನಲ್ಲಿ ಹಳೆಯ ಲಿನಕ್ಸ್ ಇರುವ ಒಂದು ಸರ್ವರ್ ಇದೆ. ಪ್ರಾಜೆಕ್ಟ್ ಫೈಲುಗಳೂ ಆಫೀಸಿನ ಕೆಲವು ಫೈಲುಗಳೂ ಅದರಲ್ಲಿವೆ. ಜನವರಿ 10ರ ಶನಿವಾರ ಸರ್ ಅದರ ಲಾಗ್ ತೆರೆದಾಗ ಆಫೀಸಿನ ಖಾತೆಗೆ ತಪ್ಪು ಪಾಸ್‌ವರ್ಡ್ ಹಾಕಿದ ಸಾಲುಗಳು ಕಂಡವು. "ಏನಿದೆ ನೋಡಮ್ಮ" ಎಂದು ನನಗೆ ತೋರಿಸಿದರು. ಮೂಲದಲ್ಲಿ ಇಂಗ್ಲಿಷ್ ಅಕ್ಷರದಲ್ಲಿರುವ ಸಾಲನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆಯುತ್ತೇನೆ. ಖಾತೆಯ ಹೆಸರನ್ನೂ ವಿಳಾಸದ ಸಂಖ್ಯೆಗಳನ್ನೂ ಬದಲಿಸಿದ್ದೇನೆ.

ಜನ್  9 07:40:12 ಲ್ಯಾಬ್‌ಸರ್ವರ್ ಎಸ್‌ಎಸ್‌ಎಚ್‌ಡಿ[2143]: ಫೇಲ್ಡ್ ಪಾಸ್‌ವರ್ಡ್ ಫಾರ್ ಆಫೀಸ್ ಫ್ರಮ್ 192.168.1.14 ಪೋರ್ಟ್ 51022 ಎಸ್‌ಎಸ್‌ಎಚ್2

ನಾನು ನೋಡಿದ್ದು ಸಮಯವನ್ನು ಮಾತ್ರ. "ಸರ್, ನಿನ್ನೆ ಬೆಳಗ್ಗೆ 7:40ಕ್ಕೆ ಯಾರೋ ಆಫೀಸ್ ಖಾತೆಗೆ ನುಗ್ಗಲು ನೋಡಿದ್ದಾರೆ" ಎಂದೆ. ಅಲ್ಲಿ ಇನ್ನೂ ಮೂವರು ಇದ್ದರು. ಬೆಳಗ್ಗೆ 7:40ಕ್ಕೆ ಲ್ಯಾಬಿನಲ್ಲಿ ಯಾರಿರುತ್ತಾರೆ ಎಂದು ಕಾಲೇಜಿಗೆಲ್ಲ ಗೊತ್ತು. ಅವನ ಹಳ್ಳಿಗೆ ಬೆಳಗ್ಗೆ ಒಂದೇ ಬಸ್ಸು. ಏಳೂವರೆಗೆ ಬಂದು, ಅಟೆಂಡರ್ ಬಾಗಿಲು ತೆಗೆದ ಮೇಲೆ ಲ್ಯಾಬಿನಲ್ಲಿ ಕುಳಿತು ಓದಿಕೊಳ್ಳುತ್ತಾನೆ. ನಾನು ಅವನ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ. ಸೋಮವಾರದ ಹೊತ್ತಿಗೆ "ಮಾರ್ಕ್ಸ್ ತಿದ್ದಲು ಹೋಗಿದ್ದನಂತೆ" ಎಂಬ ಮಾತು ಎರಡೂ ಸೆಕ್ಷನ್ನಿಗೆ ತಲುಪಿತ್ತು. ಅವನು ನನ್ನ ಹತ್ತಿರ ಬಂದು, "ಅಕ್ಕ, ನಾನು ಆ ಸರ್ವರನ್ನು ಮುಟ್ಟೇ ಇಲ್ಲ" ಎಂದ. ಮಂಗಳವಾರದಿಂದ ಲ್ಯಾಬಿಗೆ ಬರುವುದನ್ನೇ ಬಿಟ್ಟು ಗೇಟಿನ ಹತ್ತಿರ ಕಟ್ಟೆಯ ಮೇಲೆ ಕುಳಿತಿದ್ದ.

ಸರ್ ಯಾರನ್ನೂ ಬೈಯಲಿಲ್ಲ. ಲಾಗ್ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಕೊಟ್ಟು, "ಒಂದು ಸಾಲು ಓದಿ ಹೇಳಿದ್ದೀಯ. ಈಗ ಪೂರ್ತಿ ಓದಿ ಹೇಳು" ಎಂದರು ಅಷ್ಟೇ.

ಸಾಲಿನ ಭಾಗಗಳು

ಮೊದಲು ಸಾಲನ್ನು ಬಿಡಿಸೋಣ. ಆರಂಭದಲ್ಲಿ ತಿಂಗಳು, ದಿನ, ಸಮಯ. ನಂತರ ಬರೆದ ಯಂತ್ರದ ಹೆಸರು. ನಂತರ ಪ್ರೋಗ್ರಾಂ ಹೆಸರು. ಚೌಕ ಕಂಸದಲ್ಲಿರುವ 2143 ಆ ಪ್ರೋಗ್ರಾಂನ ಪ್ರೋಸೆಸ್ ಸಂಖ್ಯೆ. ಕೋಲನ್ ಆದ ಮೇಲೆ ಸಂದೇಶ. ಯಾವ ಖಾತೆಗೆ, ಯಾವ ಐಪಿ ವಿಳಾಸದಿಂದ, ಯಾವ ಪೋರ್ಟಿನಿಂದ ಪ್ರಯತ್ನ ಬಂತು ಎಂಬುದು ಈ ಸಂದೇಶದೊಳಗಿದೆ.

ಈ ಪದ್ಧತಿಯ ಹೆಸರು ಸಿಸ್‌ಲಾಗ್. 1980ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಎರಿಕ್ ಆಲ್ಮನ್ ಎಂಬವರು ಸೆಂಡ್‌ಮೇಲ್ ಎಂಬ ಅಂಚೆ ಪ್ರೋಗ್ರಾಂಗಾಗಿ ಇದನ್ನು ಬರೆದರು. ಉಪಯೋಗವಾಗುತ್ತದೆ ಎಂದು ಬೇರೆಯವರೂ ಬಳಸತೊಡಗಿದರು. ರೂಢಿಯಲ್ಲಿದ್ದ ಪದ್ಧತಿಯನ್ನು 2001ರಲ್ಲಿ ಆರ್‌ಎಫ್‌ಸಿ 3164 ಎಂಬ ದಾಖಲೆಯಲ್ಲಿ ವಿವರಿಸಿದರು. ಆ ಹಳೆಯ ರೂಪದಲ್ಲಿ ಎರಡು ಸಂಗತಿಗಳಿಲ್ಲ. ಒಂದು, ವರ್ಷ. ಇನ್ನೊಂದು, ಅದು ಯಾವ ದೇಶದ ಗಡಿಯಾರ ಎಂಬುದು. ನಾನಾರ ಈದಿನ ಬಾಕಿಯ ಹಾಗೆ, ಬರೆದವರಿಗೆ ಗೊತ್ತು, ಓದುವವರಿಗೆ ಗೊತ್ತಿಲ್ಲ.

ಜಾಲದ ಮೂಲಕ ಕಳಿಸುವಾಗ ಸಾಲಿನ ಮುಂದೆ <38> ಎಂಬಂಥ ಸಂಖ್ಯೆಯೂ ಇರುತ್ತದೆ. ಇದನ್ನು 8ರಿಂದ ಭಾಗಿಸಬೇಕು. ಭಾಗಲಬ್ಧ 4, ಶೇಷ 6. ಭಾಗಲಬ್ಧವು ಸಂದೇಶ ಯಾವ ವಿಭಾಗದ್ದು ಎಂದು ಹೇಳುತ್ತದೆ. 4 ಎಂದರೆ ಭದ್ರತೆ ಮತ್ತು ಲಾಗಿನ್. ಶೇಷವು ಎಷ್ಟು ಗಂಭೀರ ಎಂದು ಹೇಳುತ್ತದೆ. 0 ಅತಿ ತುರ್ತು, 3 ದೋಷ, 4 ಎಚ್ಚರಿಕೆ, 6 ಬರೀ ಮಾಹಿತಿ, 7 ಪ್ರೋಗ್ರಾಂ ಬರೆಯುವವರ ತಪಾಸಣೆಗೆ. ಎರಡು ಸಂಗತಿಗಳನ್ನು ಒಂದೇ ಸಂಖ್ಯೆಯಲ್ಲಿ ಹಾಕಿರುವುದರಿಂದ ಅದನ್ನೂ ಬಿಡಿಸಿಯೇ ಓದಬೇಕು.

ಮೊದಲ ಪ್ರಯತ್ನ: ಜಾಗ ಬಿಟ್ಟಲ್ಲಿ ಕತ್ತರಿಸುವುದು

ಫೈಲಿನಿಂದ "ಫೇಲ್ಡ್ ಪಾಸ್‌ವರ್ಡ್" ಇರುವ ಸಾಲುಗಳನ್ನು ಮಾತ್ರ ತೆಗೆದೆ. 26 ಸಾಲು ಬಂದವು. ಸ್ಪ್ರೆಡ್‌ಶೀಟಿಗೆ ಹಾಕಿ, ಪದಗಳ ನಡುವೆ ಜಾಗ ಇರುವಲ್ಲೆಲ್ಲ ಕತ್ತರಿಸಿ ಕಾಲಂ ಮಾಡಿದೆ. ಲೆಕ್ಕದ ಪ್ರಕಾರ 9ನೇ ಕಾಲಂ ಖಾತೆಯ ಹೆಸರು, 11ನೇ ಕಾಲಂ ಐಪಿ ವಿಳಾಸ ಆಗಬೇಕು. ಡಿಸೆಂಬರ್ 31ರ ಸಾಲುಗಳಲ್ಲಿ ಹಾಗೆಯೇ ಬಂತು. ಜನವರಿಯ ಸಾಲುಗಳಲ್ಲಿ 11ನೇ ಕಾಲಂನಲ್ಲಿ "ಫ್ರಮ್" ಎಂಬ ಪದ ಬಂದು ಕುಳಿತಿತ್ತು.

ಕಾರಣ ಹುಡುಕಿದೆ. 9 ಒಂದೇ ಅಂಕಿ. 31ರ ಜೊತೆ ಸಾಲು ಸಮವಾಗಲೆಂದು ಅದರ ಮುಂದೆ ಇನ್ನೊಂದು ಜಾಗ ಬಿಟ್ಟಿರುತ್ತಾರೆ. ಎರಡು ಜಾಗದ ನಡುವೆ ಒಂದು ಖಾಲಿ ಕಾಲಂ ಹುಟ್ಟಿ ಉಳಿದುದೆಲ್ಲ ಒಂದು ಮನೆ ಮುಂದೆ ಸರಿದಿತ್ತು.

ಇನ್ನು ಮೂರು ಸಾಲುಗಳಲ್ಲಿ ಯಾರೋ ಖಾತೆಯ ಹೆಸರನ್ನೇ ತಪ್ಪು ಬರೆದಿದ್ದರು. ಆಗ ಯಂತ್ರ "ಫಾರ್ ಇನ್‌ವ್ಯಾಲಿಡ್ ಯೂಸರ್" ಎಂದು ಎರಡು ಪದ ಹೆಚ್ಚು ಬರೆಯುತ್ತದೆ. ಅಲ್ಲಿಯೂ ಕಾಲಂ ಸರಿದಿತ್ತು. ಮನುಷ್ಯರು ಓದಲೆಂದು ಬರೆದ ವಾಕ್ಯವನ್ನು ಪದ ಎಣಿಸಿ ಕತ್ತರಿಸಿದರೆ ಹೀಗೆಯೇ ಆಗುತ್ತದೆ.

ಎರಡನೇ ಪ್ರಯತ್ನ: ಮಾದರಿ ಕೊಡುವುದು

ಸರ್ ರೆಗ್ಯುಲರ್ ಎಕ್ಸ್‌ಪ್ರೆಶನ್ ಹೇಳಿಕೊಟ್ಟರು. 1950ರ ದಶಕದಲ್ಲಿ ಸ್ಟೀಫನ್ ಕ್ಲೀನಿ ಎಂಬ ಗಣಿತಜ್ಞರು ಇದರ ಕಲ್ಪನೆ ಕೊಟ್ಟರು. 1968ರಲ್ಲಿ ಕೆನ್ ಥಾಂಪ್ಸನ್ ಇದನ್ನು ಬಳಸಿ ಕಂಪ್ಯೂಟರಿನಲ್ಲಿ ಪಠ್ಯ ಹುಡುಕುವ ಕ್ರಮ ಪ್ರಕಟಿಸಿದರು. ಇದರಲ್ಲಿ "ಎಷ್ಟನೇ ಪದ" ಎಂದು ಹೇಳುವುದಿಲ್ಲ. "ಯಾವ ಪದಗಳ ನಡುವೆ ಯಾವ ರೀತಿಯದು" ಎಂದು ಹೇಳುತ್ತೇವೆ. ನನ್ನ ಮೊದಲ ಮಾದರಿ ಇದು:

]: ಫೇಲ್ಡ್ ಪಾಸ್‌ವರ್ಡ್ ಫಾರ್ ([^ ]+) ಫ್ರಮ್ ([0-9.]+) ಪೋರ್ಟ್ ([0-9]+)

[0-9] ಎಂದರೆ ಸೊನ್ನೆಯಿಂದ ಒಂಬತ್ತರವರೆಗಿನ ಯಾವುದಾದರೂ ಒಂದು ಅಂಕಿ. ಮುಂದಿನ + ಎಂದರೆ ಅಂಥದ್ದು ಒಂದು ಅಥವಾ ಹೆಚ್ಚು. [0-9.] ಎಂದರೆ ಅಂಕಿ ಅಥವಾ ಚುಕ್ಕೆ. [^ ] ಎಂದರೆ ಖಾಲಿ ಜಾಗ ಬಿಟ್ಟು ಬೇರೆ ಯಾವುದಾದರೂ ಒಂದು ಅಕ್ಷರ. ದುಂಡು ಕಂಸದೊಳಗೆ ಸಿಕ್ಕಿದ್ದು ಕಾಲಂಗೆ ಹೋಗುತ್ತದೆ.

26ರಲ್ಲಿ 14 ಸಾಲು ಚೆನ್ನಾಗಿ ಬಿಡಿಸಿಕೊಂಡವು. ನನಗೆ ಖುಷಿಯಾಗಿ ಆ 14ನ್ನೇ ಹಿಡಿದುಕೊಂಡು ಓಡಬೇಕೆಂದಿದ್ದೆ. ಆಗ ಸರ್ ಕೇಳಿದ ಪ್ರಶ್ನೆ ವಾಣಿಜ್ಯದ ಹುಡುಗಿಯಾದ ನನಗೇ ಹೊಳೆಯಬೇಕಿತ್ತು. "ಟ್ರಯಲ್ ಬ್ಯಾಲೆನ್ಸ್ ತಾಳೆ ಆಯಿತೇ?"

ಆಗಿರಲಿಲ್ಲ. 26ರಲ್ಲಿ 14 ಹೋದರೆ 12 ಉಳಿದವು. ಮಾದರಿಗೆ ಹೊಂದದ ಸಾಲನ್ನು ಪ್ರೋಗ್ರಾಂ ಸುಮ್ಮನೆ ಬಿಟ್ಟು ಹೋಗುತ್ತದೆ, ದೂರು ಹೇಳುವುದಿಲ್ಲ. ಆದ್ದರಿಂದ ಹೊಂದದ ಸಾಲುಗಳಿಗೆ ಒಂದು ಸಸ್ಪೆನ್ಸ್ ಖಾತೆ ಇಡಬೇಕು. ಒಟ್ಟು ಸಾಲು = ಬಿಡಿಸಿದ ಸಾಲು + ಉಳಿದ ಸಾಲು ಎಂದು ಪ್ರತಿಸಲ ತಾಳೆ ನೋಡಬೇಕು. ಉಳಿದವನ್ನು ಕಣ್ಣಿನಿಂದ ಓದಬೇಕು.

ಓದಿದೆ. ಆ 12ರಲ್ಲಿ 3 ಮೇಲೆ ಹೇಳಿದ ಇನ್‌ವ್ಯಾಲಿಡ್ ಯೂಸರ್ ಸಾಲುಗಳು. ಉಳಿದ 9 ಹೀಗಿದ್ದವು:

ಮೆಸೇಜ್ ರಿಪೀಟೆಡ್ 2 ಟೈಮ್ಸ್: [ ಫೇಲ್ಡ್ ಪಾಸ್‌ವರ್ಡ್ ಫಾರ್ ಆಫೀಸ್ ಫ್ರಮ್ 192.168.1.14 ಪೋರ್ಟ್ 51022 ಎಸ್‌ಎಸ್‌ಎಚ್2]

ಒಂದೇ ಸಂದೇಶ ಮತ್ತೆ ಮತ್ತೆ ಬಂದರೆ ಜಾಗ ಉಳಿಸಲು ಯಂತ್ರ ಹೀಗೆ ಬರೆಯುತ್ತದೆ. ಮೊದಲ ಸಾಲು ಒಂದು, ಆಮೇಲೆ ಇನ್ನೆರಡು, ಒಟ್ಟು ಮೂರು ಪ್ರಯತ್ನ. ಅಂದರೆ ಸಾಲುಗಳ ಸಂಖ್ಯೆಯೇ ಘಟನೆಗಳ ಸಂಖ್ಯೆ ಅಲ್ಲ. 14 ಬಿಡಿ ಸಾಲು, 9 ಸಾಲಿಗೆ ಎರಡೆರಡರಂತೆ 18, ಇನ್‌ವ್ಯಾಲಿಡ್ 3. ಒಟ್ಟು 35 ಪ್ರಯತ್ನಗಳು. ಮಾದರಿಯನ್ನು ತಿದ್ದಿದೆ:

ಫೇಲ್ಡ್ ಪಾಸ್‌ವರ್ಡ್ ಫಾರ್ (ಇನ್‌ವ್ಯಾಲಿಡ್ ಯೂಸರ್ )?(.+) ಫ್ರಮ್ ([0-9.]+) ಪೋರ್ಟ್ ([0-9]+)

ಮುಂದಿನ ? ಎಂದರೆ ಅದು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಚುಕ್ಕೆ ಎಂದರೆ ಯಾವ ಅಕ್ಷರವಾದರೂ ಸರಿ. ಖಾತೆಯ ಹೆಸರಿಗೆ ಹೀಗೆ ಸಡಿಲ ಬಿಟ್ಟಿದ್ದಕ್ಕೆ ಕಾರಣವಿದೆ. ಅದು ಹೊರಗಿನವರು ಟೈಪ್ ಮಾಡಿದ್ದು. ಅವರು ಅಲ್ಲಿ ಜಾಗವನ್ನೂ ಬಿಟ್ಟಿರಬಹುದು, "ಫ್ರಮ್" ಎಂಬ ಪದವನ್ನೇ ಬರೆದಿರಬಹುದು. ಯಂತ್ರ ಬರೆದ ಭಾಗವನ್ನೂ ಹೊರಗಿನವರು ತುಂಬಿಸಿದ ಭಾಗವನ್ನೂ ಒಂದೇ ರೀತಿ ನಂಬಬಾರದು. ಸಾಲಿನ ಆರಂಭವನ್ನೂ ಬಿಟ್ಟಿದ್ದರಿಂದ ಈ ಮಾದರಿ ರಿಪೀಟೆಡ್ ಸಾಲಿನೊಳಗೂ ಹೊಂದುತ್ತದೆ. ಎಷ್ಟು ಸಲ ಎಂಬುದಕ್ಕೆ ಮಾತ್ರ ಇನ್ನೊಂದು ಕಾಲಂ ಮಾಡಿ, ಬಿಡಿ ಸಾಲಿಗೆ 1, ರಿಪೀಟೆಡ್ ಸಾಲಿಗೆ ಅದರಲ್ಲಿರುವ ಸಂಖ್ಯೆ ಹಾಕಿದೆ. ಈಗ 26ಕ್ಕೆ 26 ತಾಳೆಯಾಯಿತು.

ಕಾಲಂ ಹೇಳಿದ ಸತ್ಯ

ಪಿವಟ್ ಟೇಬಲ್ ಮಾಡಿ ಐಪಿ ವಿಳಾಸದ ಪ್ರಕಾರ ಕೂಡಿಸಿದೆ. 35ರಲ್ಲಿ 27 ಪ್ರಯತ್ನ 192.168.1.14 ಒಂದರಿಂದಲೇ. ಉಳಿದ 8 ಬೇರೆ ಬೇರೆ ಲ್ಯಾಬ್ ಕಂಪ್ಯೂಟರುಗಳಿಂದ, ತಮ್ಮ ಸ್ವಂತ ಖಾತೆಗೆ ಪಾಸ್‌ವರ್ಡ್ ಮರೆತವರದು. ಲ್ಯಾಬಿನ ಯಾವ ಕಂಪ್ಯೂಟರಿಗೂ 14 ಎಂಬ ಸಂಖ್ಯೆ ಇಲ್ಲ. ಅದು ಆಫೀಸಿನ ಕಂಪ್ಯೂಟರಿನದು.

ದಿನಾಂಕದ ಪ್ರಕಾರ ಜೋಡಿಸಿದಾಗ ಜನವರಿ ಮೊದಲು, ಡಿಸೆಂಬರ್ ಕೊನೆಗೆ ಬಂತು. ಸಾಲಿನಲ್ಲಿ ವರ್ಷ ಇಲ್ಲದ್ದರಿಂದ ಹಾಗಾಯಿತು. ಡಿಸೆಂಬರಿಗೆ 2025, ಜನವರಿಗೆ 2026 ಎಂದು ನಾನೇ ಸೇರಿಸಿದೆ. ಆಗ ಕಂಡದ್ದು ಇದು: ಡಿಸೆಂಬರ್ 31ರಿಂದ ಜನವರಿ 9ರವರೆಗೆ, ಭಾನುವಾರ ಬಿಟ್ಟು, 9 ದಿನವೂ ಅದೇ 07:40ಕ್ಕೆ ಸರಿಯಾಗಿ ಮೂರು ಮೂರು ಸಲ. ಅದರಲ್ಲಿ ಎರಡು ದಿನ ಆ ಹುಡುಗ ಜ್ವರದಿಂದ ರಜೆಯಲ್ಲಿದ್ದ. ಮನುಷ್ಯರು ದಿನವೂ ಇಷ್ಟು ಸರಿಯಾದ ಹೊತ್ತಿಗೆ ತಪ್ಪು ಮಾಡುವುದಿಲ್ಲ.

ಆದರೂ ಬೆಳಗ್ಗೆ 7:40ಕ್ಕೆ ಆಫೀಸು ತೆರೆದಿರುವುದಿಲ್ಲವಲ್ಲ? ಇಲ್ಲಿ ಬ್ಯಾಂಕ್ ರೀಕನ್ಸಿಲಿಯೇಶನ್ ನೆನಪಾಯಿತು. ಕ್ಯಾಶ್ ಬುಕ್ಕಿಗೂ ಪಾಸ್ ಬುಕ್ಕಿಗೂ ವ್ಯತ್ಯಾಸ ಬಂದರೆ ಎರಡರಲ್ಲೂ ಇರುವ ನಮೂದುಗಳನ್ನು ಹೋಲಿಸುತ್ತೇವೆ. ಲ್ಯಾಬಿನ ರಿಜಿಸ್ಟರಿನಲ್ಲಿ ಸರ್ ಸರ್ವರಿಗೆ ಲಾಗಿನ್ ಆದ ಸಮಯ ಬರೆದಿದ್ದರು. ರಿಜಿಸ್ಟರಿನಲ್ಲಿ 10:05, ಲಾಗ್‌ನಲ್ಲಿ 04:35. ಇನ್ನೊಂದು ದಿನ ರಿಜಿಸ್ಟರಿನಲ್ಲಿ 11:30, ಲಾಗ್‌ನಲ್ಲಿ 06:00. ಮೂರನೆಯದರಲ್ಲೂ ಅಷ್ಟೇ ವ್ಯತ್ಯಾಸ, ಐದೂವರೆ ಗಂಟೆ.

ಸರ್ವರಿನ ಗಡಿಯಾರವನ್ನು ಯುಟಿಸಿ ಎಂಬ ಜಾಗತಿಕ ಸಮಯಕ್ಕೆ ಇಟ್ಟಿದ್ದರು. ಅನೇಕ ಸರ್ವರ್‌ಗಳಲ್ಲಿ ಹಾಗೆಯೇ ಇಡುತ್ತಾರೆ. ಭಾರತದ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. 07:40ಕ್ಕೆ ಅದನ್ನು ಕೂಡಿಸಿದರೆ ಮಧ್ಯಾಹ್ನ 1:10. ಜನವರಿ 9 ಶುಕ್ರವಾರ. ಶುಕ್ರವಾರ ಜುಮಾ ನಮಾಜಿಗೆಂದು 12:45ಕ್ಕೇ ಲ್ಯಾಬಿಗೆ ಬೀಗ ಬೀಳುತ್ತದೆ. ಆ ಹೊತ್ತಿನಲ್ಲಿ ಲ್ಯಾಬಿನಲ್ಲಿ ಯಾರೂ ಇರಲಿಲ್ಲ.

ಆಫೀಸಿನಲ್ಲಿ ಹೋಗಿ ನೋಡಿದೆವು. ಫೈಲುಗಳ ಪ್ರತಿಯನ್ನು ಸರ್ವರಿಗೆ ಕಳಿಸುವ ಒಂದು ಪ್ರೋಗ್ರಾಂ ಪ್ರತಿದಿನ ಊಟದ ಹೊತ್ತಿನಲ್ಲಿ 1:10ಕ್ಕೆ ತಾನಾಗಿ ಓಡುವಂತೆ ಇಟ್ಟಿದ್ದರು. ಡಿಸೆಂಬರ್ 30ರ ಸಂಜೆ ಖಾತೆಯ ಪಾಸ್‌ವರ್ಡ್ ಬದಲಿಸಿದ್ದರು. ಪ್ರೋಗ್ರಾಂನಲ್ಲಿ ಹಳೆಯದೇ ಉಳಿದಿತ್ತು. ಅದು ದಿನವೂ ಮೂರು ಸಲ ಬಾಗಿಲು ತಟ್ಟಿ ಸುಮ್ಮನಾಗುತ್ತಿತ್ತು. ಕಳ್ಳ ಯಾರೂ ಇರಲಿಲ್ಲ. ಹೊಸ ಪಾಸ್‌ವರ್ಡ್ ಹಾಕಿದ ಮರುದಿನ ಆ ಸಾಲು ಬರಲಿಲ್ಲ. ಅಷ್ಟು ದಿನ ಆಫೀಸಿನ ಫೈಲುಗಳ ಪ್ರತಿ ಆಗಿರಲಿಲ್ಲ ಎಂಬುದೂ ಆಗಲೇ ಗೊತ್ತಾಗಿದ್ದು.

ಹೀಗಾಗದಂತೆ ಬರೆಯಲು ಸಾಧ್ಯವೇ?

ಸಾಧ್ಯ. 2009ರಲ್ಲಿ ಬಂದ ಆರ್‌ಎಫ್‌ಸಿ 5424ರಲ್ಲಿ ವರ್ಷ ಮತ್ತು ಗಡಿಯಾರ ಎರಡನ್ನೂ ಬರೆಯಲು ಜಾಗವಿದೆ. ಜೊತೆಗೆ ಹೆಸರು ಮತ್ತು ಬೆಲೆಯನ್ನು ಜೋಡಿಯಾಗಿ ಇಡುವ ಭಾಗವೂ ಇದೆ. ನಮ್ಮ ಸಾಲನ್ನು ಹೀಗೆ ಬರೆಯಬಹುದಿತ್ತು:

<38>1 2026-01-09ಟಿ07:40:12ಝಡ್ ಲ್ಯಾಬ್‌ಸರ್ವರ್ ಎಸ್‌ಎಸ್‌ಎಚ್‌ಡಿ 2143 - [ಲಾಗಿನ್@32473 ಯೂಸರ್="ಆಫೀಸ್" ಐಪಿ="192.168.1.14"] ಫೇಲ್ಡ್ ಪಾಸ್‌ವರ್ಡ್

ಕೊನೆಯ ಝಡ್ ಎಂದರೆ ಯುಟಿಸಿ. ಭಾರತದ ಸಮಯವಾದರೆ ಅಲ್ಲಿ +05:30 ಎಂದಿರುತ್ತದೆ. 32473 ಎಂಬುದು ಉದಾಹರಣೆಗಳಿಗೆಂದೇ ಮೀಸಲಿಟ್ಟ ಸಂಖ್ಯೆ. ಇಲ್ಲಿ ಪದ ಎಣಿಸುವುದೂ ಬೇಡ, ಊಹಿಸುವುದೂ ಬೇಡ. ಮುಂದೆ ನೀವು ಪ್ರಾಜೆಕ್ಟಿನಲ್ಲಿ ಲಾಗ್ ಬರೆಯುವುದಾದರೆ ಹೀಗೆಯೇ ಬರೆಯಿರಿ. ಓದುವವರು ನಿಮ್ಮ ಪಕ್ಕದಲ್ಲಿ ಇರುವುದಿಲ್ಲ.

ನೆನಪಿಡಬೇಕಾದದ್ದು

1. ಕತ್ತರಿಸುವ ಮೊದಲು ಹತ್ತಿಪ್ಪತ್ತು ಸಾಲುಗಳನ್ನು ಕಣ್ಣಿನಿಂದ ಓದಿ.
2. ಸಮಯ ಯಾವ ಗಡಿಯಾರದ್ದು ಎಂದು, ನಿಮಗೆ ಗೊತ್ತಿರುವ ಒಂದು ಘಟನೆಯ ಜೊತೆ ಹೋಲಿಸಿ ನೋಡಿ.
3. ಬಿಡಿಸಿದ ಸಾಲು, ಉಳಿದ ಸಾಲು ಎರಡನ್ನೂ ಕೂಡಿಸಿ ಒಟ್ಟಿಗೆ ತಾಳೆ ನೋಡಿ.
4. ಸಾಲು ಎಣಿಸಬೇಡಿ, ಘಟನೆ ಎಣಿಸಿ.
5. ಲಾಗ್ ಫೈಲನ್ನು ವಾಟ್ಸಾಪಿನಲ್ಲಿ ಹಂಚಬೇಡಿ. ಕೆಲವರು ಅವಸರದಲ್ಲಿ ಹೆಸರಿನ ಜಾಗದಲ್ಲಿ ಪಾಸ್‌ವರ್ಡ್ ಬರೆದುಬಿಡುತ್ತಾರೆ. ಅದೂ ಲಾಗ್‌ನಲ್ಲಿ ಉಳಿದಿರುತ್ತದೆ.
6. ಐಪಿ ವಿಳಾಸ ಕಂಪ್ಯೂಟರನ್ನು ತೋರಿಸುತ್ತದೆ, ಮನುಷ್ಯನನ್ನಲ್ಲ.

ಅಭ್ಯಾಸ

ಅ) <86> ಯಾವ ವಿಭಾಗ ಸಂಖ್ಯೆ, ಎಷ್ಟು ಗಂಭೀರ?
ಆ) ಯುಟಿಸಿಯಲ್ಲಿ ಜನವರಿ 31, 18:45 ಆದಾಗ ಭಾರತದಲ್ಲಿ ಯಾವ ದಿನ, ಎಷ್ಟು ಗಂಟೆ?
ಇ) ಒಂದು ಸಾಲು, ಅದರ ಕೆಳಗೆ "ಮೆಸೇಜ್ ರಿಪೀಟೆಡ್ 4 ಟೈಮ್ಸ್" ಇದ್ದರೆ ಘಟನೆಗಳು ಎಷ್ಟು?

ಉತ್ತರ: ಅ) ವಿಭಾಗ 10, ಗಂಭೀರತೆ 6, ಅಂದರೆ ಬರೀ ಮಾಹಿತಿ. ಆ) ಫೆಬ್ರವರಿ 1, ರಾತ್ರಿ 12:15. ದಿನಾಂಕವೇ ಬದಲಾಗುತ್ತದೆ ಎಂಬುದನ್ನು ಗಮನಿಸಿ. ಇ) 5.

ಗುರುವಾರ ಮೊದಲ ಪೀರಿಯಡ್ಡಿನಲ್ಲಿ ಸರ್ ಅನುಮತಿ ಪಡೆದು ಪ್ರಥಮ ಪಿಯುಸಿ ತರಗತಿಗೆ ಹೋದೆ. ಬೋರ್ಡಿನ ಮೇಲೆ ಆ ಸಾಲನ್ನು ಬರೆದು, ನಾನು ಎಲ್ಲಿ ತಪ್ಪು ಓದಿದೆ ಎಂದು ತೋರಿಸಿ, ಎಲ್ಲರ ಮುಂದೆ ಅವನ ಕ್ಷಮೆ ಕೇಳಿದೆ. ಅವನು ಏನೂ ಹೇಳಲಿಲ್ಲ. ತಲೆ ತಗ್ಗಿಸಿ ನಕ್ಕ. ಆಮೇಲೆ ಒಂದು ವಾರ ಅವನು ಲ್ಯಾಬಿಗೆ ಬಂದಿರಲಿಲ್ಲ. ಈಗ ಬರುತ್ತಿದ್ದಾನೆ. ಮೊನ್ನೆ ಈ ಲೇಖನದ ಕರಡನ್ನು ಅವನಿಗೆ ಓದಲು ಕೊಟ್ಟೆ. ಓದಿ, "ಅಕ್ಕ, ಮಾದರಿಯಲ್ಲಿ ಒಂದು ಕಂಸ ಬಿಟ್ಟಿದ್ದೀರಿ" ಎಂದ. ಸರಿ ಮಾಡಿದ್ದೇನೆ.